ಒಂದು ಟ್ಯಾಂಕಿಗೆ ಎಷ್ಟು ಮುದ್ದೆ?

ನಮ್ಮ ಮಾವನವರಿಗೆ ಅಮೆರಿಕದ ಮೇಲೆ ವಿಪರೀತ ಸಿಟ್ಟು. ರಷ್ಯಾದ ಮೇಲೂ ಅಷ್ಟೇ ಸಿಟ್ಟು. ಈ ಸಂಗತಿ ಆ ಎರಡು ದೇಶಗಳಿಗೆ ಕೊನೆಯವರೆಗೂ ತಿಳಿಯಲೇ ಇಲ್ಲವಲ್ಲ ಎನ್ನುವುದೊಂದೇ ನನ್ನ ಬೇಸರ! ತಿಳಿದಿದ್ದರೆ ಇಷ್ಟೊಂದು ಬಾಂಬು ಮಾಡುವ ಮೊದಲು ಹನಗೋಡಿನ ಕಡೆಗೊಮ್ಮೆ ತಿರುಗಿ ನೋಡುತ್ತಿದ್ದರು. ಮಾವನವರು ಹುಣಸೂರು ದಾಟಿ ಮೈಸೂರಿಗೆ ಹೋದದ್ದೇ ಅಪರೂಪ. ಆದರೆ ವಾಷಿಂಗ್ಟನ್ನಿನಲ್ಲಿ ಯಾರು ಏನು ಮಾಡಬೇಕು, ಮಾಸ್ಕೋದಲ್ಲಿ ಯಾರು ಏನು ಮಾಡಬಾರದು ಎಂಬುದೆಲ್ಲ ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟ. ಜಗಲಿಯ ಮೇಲೆ ಕುಳಿತು, ಹೆಗಲ ಮೇಲಿನ ಟವೆಲ್ಲನ್ನು ಒಂದು ಸಲ ಒದರಿ, "ಅವ್ನಿಗೇನ್ ಬಂದಿರಾದ್ಲಾ ರೋಗ?" ಎಂದು ಶುರು ಮಾಡಿದರೆಂದರೆ ಆ 'ಅವನು' ಯಾವುದೋ ದೊಡ್ಡ ದೇಶದ ಅಧ್ಯಕ್ಷನೇ ಎಂದು ಎದುರಿಗಿದ್ದವರು ತಿಳಿದುಕೊಳ್ಳಬೇಕು. ಗೊತ್ತಿಲ್ಲದ ಹೊಸಬರು, ಪಾಪ, ಅಕ್ಕಪಕ್ಕದ ಮನೆಯವರ ಜಗಳವೆಂದುಕೊಂಡು ಸಮಾಧಾನ ಮಾಡಲು ಬಂದದ್ದೂ ಉಂಟು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದೇ ಒಂದು ಯುದ್ಧವಿಮಾನದ ದೆಸೆಯಿಂದ. ನಂಬುತ್ತೀರಾ? ನನ್ನ ತವರು ಕೆ.ಆರ್. ನಗರದ ಕಡೆ. ಕಾಲುವೆ ನೀರು, ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ಹೆಣ್ಣು ನೋಡಲು ಬಂದವರು ಸಾಮಾನ್ಯವಾಗಿ ಏನು ಕೇಳುತ್ತಾರೆ? ಹಾಡು ಬರುತ್ತದಾ, ಅಡುಗೆ ಬರುತ್ತದಾ, ಎಷ್ಟು ಓದಿದ್ದಾಳೆ, ಅಷ್ಟೇ ತಾನೆ? ಮಾವನವರು ಅವಲಕ್ಕಿ ಉಪ್ಪಿಟ್ಟನ್ನು ಪಕ್ಕಕ್ಕಿಟ್ಟು ನೇರವಾಗಿ ನನ್ನನ್ನೇ ಕೇಳಿದರು.

"ನೋಡವ್ವಾ, ಒಂದು ಯುದ್ಧದ ಇಮಾನ ಮಾಡೋ ದುಡ್ನಲ್ಲಿ ನಮ್ಮ ಹುಣ್ಸೂರು ತಾಲ್ಲೂಕು ಎಷ್ಟ್ ದಿನ ಉಣ್ಬೋದು?"

ನಮ್ಮಪ್ಪ ತಬ್ಬಿಬ್ಬಾದರು. ಅಮ್ಮ ಬಾಗಿಲ ಮರೆಯಲ್ಲೇ "ಅಯ್ಯೋ ದೇವರೇ" ಎಂದರು. ನನಗೆ ಏನು ತೋಚಿತೋ, "ಮುದ್ದೆಯೋ ಅನ್ನವೋ?" ಎಂದು ತಿರುಗಿ ಕೇಳಿಬಿಟ್ಟೆ. ಮಾವನವರು ತೊಡೆ ತಟ್ಟಿಕೊಂಡು, "ಎಣ್ಣು ಒಪ್ಗೆ! ಕೇಳ್ಬೇಕಾದ್ದ ಕೇಳ್ತು ಕಣ್ರೀ ಮಗ!" ಎಂದು ಕೂಗಿದರು. ಅಲ್ಲಿಗೆ ನನ್ನ ಮದುವೆ ಗೊತ್ತಾಯಿತು. ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಹುಡುಗನಿಗೆ, ಅಂದರೆ ನಮ್ಮ ಯಜಮಾನರಿಗೆ, ಹೆಣ್ಣು ಒಪ್ಪಿಗೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ನಾನೂ ಇವತ್ತಿನವರೆಗೆ ಕೇಳಿಲ್ಲ. ಧೈರ್ಯ ಬಂದಿಲ್ಲ.

ಮಾವನವರ ಅಳತೆಗೋಲು ಒಂದೇ, ರಾಗಿಮುದ್ದೆ. ರೂಪಾಯಿ, ಡಾಲರು, ರೂಬಲ್ಲು ಇವೆಲ್ಲ ಅವರ ಪಾಲಿಗೆ ನಂಬಿಕೆಗೆ ಅರ್ಹವಲ್ಲದ ಸರಕು. "ದುಡ್ಡು ಇವತ್ತೊಂದ್ ಬೆಲೆ, ನಾಳೀಕೊಂದ್ ಬೆಲೆ. ಮುದ್ದೆ ಅಂಗಲ್ಲ ಕಣವ್ವ, ಒಟ್ಟೆಗೆ ಓದ್ರೆ ಯಾವತ್ತಿದ್ರೂ ಮುದ್ದೇನೆ" ಎನ್ನುತ್ತಿದ್ದರು. ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುವ ಪೇಪರನ್ನು ನಮ್ಮ ಯಜಮಾನರು ಓದಿ ಹೇಳಬೇಕು. ಎಲ್ಲೋ ಒಂದು ದೇಶ ಹೊಸ ಹಡಗು ಕಟ್ಟಿಸಿತು, ಇನ್ನೊಂದು ದೇಶ ಅದನ್ನು ಮುಳುಗಿಸಲು ಇನ್ನೂ ದೊಡ್ಡ ಹಡಗು ಕಟ್ಟಿಸಿತು ಎಂದು ಸುದ್ದಿ ಬಂದರೆ ಇವರು ಜಗಲಿಯ ಮೇಲೆ ಬೆರಳು ಮಡಚಲು ಶುರು. ಆದರೆ ಲೆಕ್ಕಕ್ಕೊಂದು ತೊಡಕಿತ್ತು. ಯಾರ ಕೈಯ ಮುದ್ದೆ? ಅನ್ನದ ಊರಿನಿಂದ ಬಂದ ನಾನು ಮೊದಲ ಸಲ ಕಟ್ಟಿದ ಪುಟ್ಟ ಮುದ್ದೆಯನ್ನು ಅವರು ತಟ್ಟೆಯಲ್ಲಿ ಎರಡು ಸಲ ಉರುಳಿಸಿ ನೋಡಿದರು.

"ಈ ಅಳ್ತೇಲಿ ಲೆಕ್ಕ ಆಕುದ್ರೆ ಒಂದ್ ಟ್ಯಾಂಕಿನ ದುಡ್ಗೆ ಮೈಸೂರು ಜಿಲ್ಲೆ ಉಂಡು ಮಂಡ್ಯಕ್ಕೂ ಮಿಕ್ತದೆ ಕಣವ್ವ!"

"ಟ್ಯಾಂಕ್ನ ಆಮೇಲ್ ಉಣ್ಣೀರಂತೆ. ಮೊದ್ಲು ತಟ್ಟೇಲಿರಾದ್ ಉಣ್ಣಿ" ಎಂದು ಅತ್ತೆ ಒಳಗಿನಿಂದ ಗದರಿದರು. ಅತ್ತೆಯವರು ಮಾತ್ರ ಯಾವ ದೇಶದ ಪರವೂ ಇರಲಿಲ್ಲ. ರಷ್ಯಾದವನಿಗೆ ಬುದ್ಧಿ ಹೇಳುವ ಉತ್ಸಾಹದಲ್ಲಿ ಮಾವನವರು ದನಕ್ಕೆ ಹುಲ್ಲು ಹಾಕುವುದನ್ನು ಮರೆಯುತ್ತಾರೆ ಎಂಬುದಷ್ಟೇ ಅವರ ದೂರು.

ಹುಣಸೂರಿನ ಸಂತೆಯಿಂದ ಒಂದು ಟ್ರಾನ್ಸಿಸ್ಟರ್ ರೇಡಿಯೋ ಬಂದ ಮೇಲಂತೂ ಕೇಳಬೇಡಿ! ಒಂದು ಸಂಜೆ ವಾರ್ತೆಯಲ್ಲಿ, ಯಾವುದೋ ದೊಡ್ಡ ಸಭೆಯಲ್ಲಿ ಎಲ್ಲ ದೇಶದವರೂ ಸೇರಿ ಮಾನವ ಹಕ್ಕುಗಳ ಬಗ್ಗೆ ಮಾತಾಡಿದರು ಎಂದು ಬಂತು. ಮಾವನವರು ನನ್ನ ಕಡೆ ತಿರುಗಿ, "ಅಕ್ಕು ಅಂದ್ರೆ ಏನವ್ವ? ನೀನು ಓದ್ದೋಳು, ಏಳು" ಎಂದರು. ನಾನು ಮಿಡ್ಲ್ ಸ್ಕೂಲಿನ ಪೌರನೀತಿ ಪಾಠವನ್ನು ನೆನಪಿಸಿಕೊಂಡು ವಾಕ್ ಸ್ವಾತಂತ್ರ್ಯ, ಸಂಚಾರ ಸ್ವಾತಂತ್ರ್ಯ ಎಂದೆಲ್ಲ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಅದೆಲ್ಲ ಸರಿ ಬುಡವ್ವ. ಕೈ ಚಾಚ್ದೆ ಸಿಗಾದು ಅಕ್ಕು. ಕೈ ಚಾಚುದ್ ಮ್ಯಾಲೆ ಸಿಗಾದು ಭಿಕ್ಷೆ. ಅಷ್ಟೇಯ" ಎಂದರು. ಒಳಗಿನಿಂದ ಅತ್ತೆ, "ಕೈ ಚಾಚಿ ಆ ಅಗ್ಗ ಇತ್ಲಾಗ್ ಕೊಡಿ, ಕರ ಬಿಚ್ಕಂಡದೆ" ಎಂದರು.

ಚುನಾವಣೆ ಬಂದರೆ ಮಾವನವರಿಗೆ ಹಬ್ಬ. ಹನಗೋಡಿನ ಮೈದಾನಕ್ಕೆ ಯಾವ ಪಕ್ಷದವರು ಬಂದು ಭಾಷಣ ಮಾಡಿದರೂ ಇವರು ಮುಂದಿನ ಸಾಲು. ದೇಶ ಬಲಿಷ್ಠವಾಗಬೇಕು, ಹೊಸ ಟ್ಯಾಂಕುಗಳು ಬರಬೇಕು ಎಂದು ಭಾಷಣಕಾರರು ಮುಷ್ಟಿ ಎತ್ತಿದ ಕೂಡಲೇ ಇವರು ಎದ್ದು ನಿಲ್ಲುವುದು, "ಸ್ವಾಮೀ, ಒಂದು ಟ್ಯಾಂಕಿಗೆ ಎಷ್ಟು ಮುದ್ದೆ?" ಎನ್ನುವುದು. ಒಬ್ಬ ಅಭ್ಯರ್ಥಿಗೆ ರೇಗಿತು.

"ಏನ್ರೀ ಗೌಡ್ರೇ, ನಿಮಗೆ ಸೈನಿಕರ ಮೇಲೆ ಅಭಿಮಾನ ಇಲ್ವಾ?"

"ಗಡೀಲ್ ನಿಂತಿರೋ ಐಕಳ ಮ್ಯಾಲೆ ನಂಗ್ ಪ್ರಾಣ ಸ್ವಾಮಿ. ನನ್ನ ಕಂಬಳೀನೇ ಕೊಟ್ಟಿವ್ನಿ. ಆದ್ರೆ ಆ ಉಡ್ಗನ್ನ ಅಲ್ ನಿಲ್ಸಿ, ಇಲ್ಲಿ ಅವ್ರವ್ವನ ಮಡಕೇಲಿ ರಾಗಿ ಇಟ್ಟೇ ಇಲ್ದಂಗೆ ಮಾಡಿದ್ರೆ, ಅವ್ನು ಕಾಯ್ತಿರಾದಾದ್ರೂ ಏನ?"

ಜನ ಚಪ್ಪಾಳೆ ತಟ್ಟಿದರು. ಕಂಬಳಿಯ ಮಾತು ನಿಜವೇ. ಯುದ್ಧದ ಕಾಲದಲ್ಲಿ ಸೈನಿಕರಿಗೆಂದು ಹಳ್ಳಿಹಳ್ಳಿಯಲ್ಲಿ ವಸ್ತು ಕೂಡಿಸುತ್ತಿದ್ದಾಗ, ಅತ್ತೆ ಹೊದ್ದು ಮಲಗಿದ್ದ ಕಂಬಳಿಯನ್ನೇ ಮಾವನವರು ಎಳೆದುಕೊಂಡು ಹೋಗಿ ಕೊಟ್ಟಿದ್ದರಂತೆ. ಅದನ್ನು ತನ್ನ ಕಂಬಳಿ ಎಂದು ಹೇಳಿಕೊಂಡಿದ್ದಕ್ಕೆ ಅತ್ತೆ ಆ ಸಂಜೆ ಪ್ರತ್ಯೇಕ ಸಭೆ ನಡೆಸಿದರು.

ಇಂಥ ಮನುಷ್ಯ ಇದ್ದಕ್ಕಿದ್ದಂತೆ ಸ್ವತಃ ಅಮೆರಿಕವಾಗಿಬಿಟ್ಟರೆ ಹೇಗಿರುತ್ತದೆ? ಆ ಕಥೆಯನ್ನೇ ಹೇಳಹೊರಟಿದ್ದು.

ಮಾವನವರ ಸ್ವಂತ ತಂಗಿಯನ್ನು ಕೊಟ್ಟಿದ್ದು ಪಕ್ಕದ ಮನೆಗೇ. ಆ ತಂಗಿಯ ಗಂಡನೂ ಮಾವನವರೂ ಒಬ್ಬರನ್ನೊಬ್ಬರು ಕರೆಯುವುದು ಭಾವ ಎಂದೇ. ಎರಡು ಮನೆಗೂ ನಡುವೆ ರಾಗಿ ಬಡಿಯುವ ಒಂದೇ ಕಣ. ಮನೆಗಳ ಹಿಂದೆ ಎರಡು ಹೊಲ, ಒಂದರ ಮಗ್ಗುಲಿಗೆ ಒಂದು. ಹೊಲದ ಆ ತುದಿಗೆ ಕಾಡು. ಕಾಡಂಚಿನಲ್ಲಿ ರಾಗಿ ಬೆಳೆಯುವುದೆಂದರೆ ಅರ್ಧ ಕೆಲಸ ಬೆಳೆಯುವುದು, ಇನ್ನರ್ಧ ಹಂದಿಗಳಿಂದ ಉಳಿಸಿಕೊಳ್ಳುವುದು. ಅದಕ್ಕೆ ಎರಡು ಹೊಲಕ್ಕೂ ಸೇರಿ ಒಂದೇ ಅಟ್ಟಣೆ. ನಾಲ್ಕು ಕಂಬ ನೆಟ್ಟು, ಮೇಲೆ ಹಲಗೆ ಹಾಸಿ, ಹುಲ್ಲು ಹೊದಿಸಿದ ಕಾವಲು ಗುಡಿಸಲು ಅದು. ಅದರ ಮುಖ ಕಾಡಿನ ಕಡೆಗೆ. ಅದರಲ್ಲಿ ಕೂತು ಕಾಯುತ್ತಿದ್ದವನು ಕಾಳ. ಕಾಡಂಚಿನ ಹಾಡಿಯವನು, ಹಾಡಿ ಎಂದರೆ ಕಾಡಿನ ಜನರ ಗುಡಿಸಲುಗಳ ಊರು. ಅವನ ಹೆಂಡತಿ ಜಾಜಿ ಎರಡೂ ಮನೆಯಲ್ಲಿ ಕಳೆ ಕೀಳುವುದು, ಸೌದೆ ತರುವುದು ಮಾಡಿ ಮಧ್ಯಾಹ್ನದ ಮುದ್ದೆ ಉಣ್ಣುತ್ತಿದ್ದಳು. ಕಣದಲ್ಲಿ ರಾಶಿ ಬಿದ್ದಾಗ, ಒಂದು ಕಾಳೂ ಮನೆಯೊಳಕ್ಕೆ ಹೋಗುವ ಮೊದಲು, ಎರಡು ಮನೆಯವರೂ ಕಾವಲು ರಾಗಿ ಎಂದು ಕಾಳನ ಪಾಲನ್ನು ಅಳೆದು ಕೊಡಬೇಕು. ಅದು ಅಜ್ಜನ ಕಾಲದಿಂದ ಬಂದ ಪದ್ಧತಿ. ಆ ರಾಗಿಯೇ ಕಾಳ, ಜಾಜಿ ಮತ್ತು ಅವರ ಪುಟ್ಟ ಮಗಳಿಗೆ ಮುಂದಿನ ಮಳೆಗಾಲ ಕಳೆಯುವವರೆಗೆ ಅನ್ನ. ಬೇರೆ ಏನೂ ಇರಲಿಲ್ಲ.

ಒಂದು ವರ್ಷ ಪೈರು ಗೇಣುದ್ದ ಬಂದಿದ್ದಾಗ ಭಾವನ ಕರು ಹಗ್ಗ ಬಿಚ್ಚಿಕೊಂಡು ಬಂದು ನಮ್ಮ ಹೊಲದಲ್ಲಿ ಒಂದಿಷ್ಟು ಮೇಯಿತು. ಅಷ್ಟೇ! ಜಗತ್ತಿನ ದೊಡ್ಡ ದೊಡ್ಡ ಯುದ್ಧಗಳೂ ಹೀಗೇ ಶುರುವಾಗಿರಬೇಕು.

"ಭಾವ, ನಿಮ್ ಕರೀಗೆ ಗಡಿ ಗೊತ್ತಿಲ್ವಾ?" ಎಂದರು ಮಾವ.

"ರಷ್ಯಾದೋನ್ಗೇ ಬುದ್ದಿ ಏಳ್ತೀರಿ, ನನ್ ಕರೀಗೂ ಒಂದ್ ಮಾತ್ ಏಳ್ಬುಡಿ" ಎಂದರು ಭಾವ.

ಈ ಮಾತು ಮಾವನವರಿಗೆ ನಾಟಿತು. ಮಾರನೆಯ ದಿನವೇ ಒಂದು ಗಾಡಿ ಮುಳ್ಳು ತಂದು ಕಾಡಿನ ತುದಿಯಿಂದ ಹಿಡಿದು ಕಣದ ನಟ್ಟನಡುವಿನವರೆಗೆ ಬೇಲಿ ಹಾಕಿಸಿದರು. "ಇದು ಬರೀ ರಕ್ಷಣೆಗೆ" ಎಂದು ಊರಿಗೆಲ್ಲ ಹೇಳಿದರು. ಭಾವ ಬೆಟ್ಟದಪುರದ ಕಡೆಯಿಂದ ಒಂದು ನಾಯಿ ತಂದರು. ಅದೂ ಬರೀ ರಕ್ಷಣೆಗೆ. ಮಾವ ಜೋಡಿ ನಾಯಿ ತಂದರು. ಭಾವ ಬೇಲಿಯ ಆ ಕಡೆ ಇನ್ನೊಂದು ಬೇಲಿ ಹಾಕಿಸಿದರು. ಎರಡು ಬೇಲಿಯ ನಡುವೆ ಯಾರದೂ ಅಲ್ಲದ ಒಂದು ಸೀಳು ನೆಲ ಹುಟ್ಟಿಕೊಂಡಿತು. ಅದರಲ್ಲಿ ಇಬ್ಬರ ಕೋಳಿಗಳೂ ನೆಮ್ಮದಿಯಾಗಿದ್ದವು.

ತಂಗಿ ದಿನಾ ಸಂಜೆ ಕಣ ದಾಟಿ ಬಂದು ಅತ್ತೆಯ ಜೊತೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದವರು. ಈಗ ಮುಳ್ಳಿನ ಮೇಲೆ ಕೈ ಚಾಚಿ ಎಲೆ ಕೊಡುವುದು, ತೆಗೆದುಕೊಳ್ಳುವುದು. ಅದನ್ನು ನೋಡಿ ಮಾವ, "ಗಡೀಲಿ ಏನ್ ವ್ಯಾಪಾರ?" ಎಂದು ಜಗಲಿಯಿಂದ ಕೂಗುತ್ತಿದ್ದರು.

ಪೈರು ತೆನೆ ಕಟ್ಟಿತು. ಕಾವಲು ಶುರುವಾಗಬೇಕು. ಮಾವನವರು ಹಳೆಯ ಅಟ್ಟಣೆಯನ್ನು ಕೀಳಿಸಿ, ನಮ್ಮ ಹೊಲದ ನಡುವೆ ಹೊಸದು ಕಟ್ಟಿಸಿ, ಅದರ ಮುಖವನ್ನು ಭಾವನ ಹೊಲದ ಕಡೆಗೆ ತಿರುಗಿಸಿದರು! ಕಾಳ ತಲೆ ಕೆರೆದುಕೊಂಡ.

"ಗೌಡ್ರೇ, ಅಂದಿ ಆ ಕಡೇಲಿಂದ ಬತ್ತದೆ. ನಾ ಈ ಕಡೆ ಮಕ ಮಾಡ್ಕಂಡ್ ಕೂತ್ರೆ ಅಂದೀಗೆ ಬೇಜಾರಾಗಕಿಲ್ವಾ?"

"ಅಂದಿ ಬಂದ್ರೆ ಸದ್ದಾಯ್ತದೆ ಕಣ್ಲಾ. ಭಾವ ಬಂದ್ರೆ ಸದ್ದಾಗಕಿಲ್ಲ. ನೀನು ಅವ್ರ್ ಕಡೆ ನೋಡು."

ಭಾವ ಸುಮ್ಮನಿರುತ್ತಾರೆಯೇ? ಅವರೂ ಒಂದು ಅಟ್ಟಣೆ ಕಟ್ಟಿಸಿದರು, ನಮ್ಮದಕ್ಕಿಂತ ಒಂದು ಮೊಳ ಎತ್ತರಕ್ಕೆ, ನಮ್ಮ ಕಡೆಗೆ ಮುಖ ಮಾಡಿ. ಮಾವ ನಮ್ಮದರ ಮೇಲೆ ಇನ್ನೊಂದು ಅಂತಸ್ತು ಏರಿಸಿದರು. ಭಾವನ ಅಟ್ಟಣೆಯಲ್ಲಿ ಕೂರಲು ಆಳು ಬೇಕಲ್ಲ? ಊರೆಲ್ಲ ಹುಡುಕಿ ಕೊನೆಗೆ ಅವರಿಗೆ ಸಿಕ್ಕಿದ್ದು ಯಾರು ಗೊತ್ತೇ? ಜಾಜಿ! ಈ ಕಡೆ ಗಂಡ, ಆ ಕಡೆ ಹೆಂಡತಿ. ಎದುರುಬದುರಾಗಿ ಕೂತು, ಎರಡೂ ದೇಶದ ಗುಟ್ಟುಗಳನ್ನೆಲ್ಲ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದರು. "ನಿಮ್ ಗೌಡ ಇವತ್ ಏನ್ ಸಾರ್ ಉಂಡ?" ಎಂದು ಅವಳು ಕೇಳಿದರೆ ಇವನು ಎಲ್ಲ ವಿವರ ಒಪ್ಪಿಸುವನು. ಇಷ್ಟು ಕಾವಲಿದ್ದರೂ ನಮ್ಮ ಮನೆಯ ಬಸ್ಸಾರು ಭಾವನ ಮನೆಯಲ್ಲಿ ಚರ್ಚೆಯಾಗುತ್ತಿತ್ತು.

ಅತ್ತ ರೇಡಿಯೋದಲ್ಲಿ ದೊಡ್ಡ ದೇಶಗಳ ಮಾತುಕತೆಯ ಸುದ್ದಿ. ಮಾವನವರು ಮೂರನೆಯ ನಾಯಿಗೆ ಹಗ್ಗ ಹೊಸೆಯುತ್ತಾ ಕೇಳಿ ಗಹಗಹಿಸಿ ನಕ್ಕರು. "ನೋಡವ್ವಾ, ಇಬ್ರೂ ರಕ್ಷಣೇಗೇ ಅಂತಾರೆ. ಅಂಗಾದ್ರೆ ಒಡೆಯೋನು ಯಾರು?" ನಾನು ಹಗ್ಗವನ್ನು ನೋಡಿದೆ, ನಾಯಿಯನ್ನು ನೋಡಿದೆ, ಸೊಸೆಯಾದದ್ದರಿಂದ ಮುದ್ದೆ ಕಟ್ಟಲು ಒಳಗೆ ಹೋದೆ.

ನಾಯಿಗಳೇನು ಗಾಳಿ ಕುಡಿದು ಬದುಕುತ್ತವೆಯೇ? ಅವಕ್ಕೂ ಮುದ್ದೆಯೇ ಬೇಕು. ನಾನು ಕಟ್ಟುವ ಮುದ್ದೆಗಳಲ್ಲಿ ದೊಡ್ಡವೆಲ್ಲ ಅವಕ್ಕೇ ಹೋಗತೊಡಗಿದವು. ಮುಳ್ಳು ಕಡಿದವನಿಗೆ, ಕಂಬ ಸಾಗಿಸಿದವನಿಗೆ, ಅಟ್ಟಣೆ ಹೊದಿಸಿದವನಿಗೆ ಎಲ್ಲರಿಗೂ ಕೂಲಿ ರಾಗಿಯಲ್ಲೇ. ಒಳಮನೆಯಲ್ಲಿ ರಾಗಿ ತುಂಬಿಡುವ ವಾಡೆ ದಿನದಿನಕ್ಕೆ ಬರಿದಾಯಿತು. ಒಂದು ಮಧ್ಯಾಹ್ನ ಜಾಜಿ ಸೌದೆ ಹೊರೆ ಇಳಿಸಿ ಹಿತ್ತಿಲ ಕಲ್ಲಿನ ಮೇಲೆ ಕುಳಿತಾಗ ಮಾವನವರು ಒಳಗೆ ಬಂದು ದನಿ ತಗ್ಗಿಸಿ, "ನಾಯೀಗ್ ಮೊದ್ಲಾಕವ್ವ. ಮಿಕ್ರೆ ಅವ್ಳಿಗೆ ಕೊಡು. ಸದ್ಯಕ್ಕೆ ಅಷ್ಟೇಯ" ಎಂದರು. ಸದ್ಯಕ್ಕೆ! ಈ ಮಾತನ್ನು ಯಾವುದಾದರೂ ಸರ್ಕಾರದವರು ಆಡಿದ್ದರೆ ಅವರು ಉರಿದು ಬೀಳುತ್ತಿದ್ದರು. ಜಾಜಿ ಸ್ವಲ್ಪ ಹೊತ್ತು ಕೂತಿದ್ದು, ಮುದ್ದೆ ಬರುವುದಿಲ್ಲವೆಂದು ತಿಳಿದ ಮೇಲೆ ಎದ್ದು ಹೋದಳು. ನನಗೆ ಅವತ್ತು ಊಟ ಸೇರಲಿಲ್ಲ.

ಕೊಯ್ಲಿಗೆ ಇನ್ನೇನು ಕುಡುಗೋಲು ಮಸೆಯಬೇಕು, ಅಷ್ಟರಲ್ಲಿ ಒಂದು ಬೆಳಿಗ್ಗೆ ಊರಿಗೆ ಊರೇ ನಮ್ಮ ಹೊಲದ ಹತ್ತಿರ ಸೇರಿತು. ಎರಡು ಹೊಲವೂ ಉತ್ತು ಮಗುಚಿದ ಹಾಗೆ ಬಿದ್ದಿತ್ತು. ಹಂದಿಗಳ ದೊಡ್ಡ ಹಿಂಡೇ ಬಂದಿರಬೇಕು. ಕಾಳ, ಜಾಜಿ ಇಬ್ಬರೂ ಕೆಳಗಿಳಿದು ತಗಡು ಬಡಿದರಂತೆ, ಕೂಗಿದರಂತೆ. ಯಾರಿಗೆ ಕೇಳಬೇಕು? ನಾಯಿಗಳು ತಿಂಗಳುಗಟ್ಟಲೆ ಬೇಲಿಯ ಆಚೆ ಈಚೆ ನಿಂತು ಒಂದಕ್ಕೊಂದು ಬೊಗಳಿ ಬೊಗಳಿ, ಆ ಗದ್ದಲಕ್ಕೆ ಏಳುವ ಅಭ್ಯಾಸವೇ ನಮಗೆಲ್ಲ ತಪ್ಪಿಹೋಗಿತ್ತು. ಕಾಡಿನ ಕಡೆಗೆ ಒಂದು ಅಟ್ಟಣೆಯಿಲ್ಲ, ಒಂದು ಬೆಂಕಿಯಿಲ್ಲ. ಹಂದಿಗಳಿಗೆ ಯಾರೂ ಗಡಿಯನ್ನೇ ಹಾಕಿರಲಿಲ್ಲ.

ಮಾವ ಈ ಕಡೆ ನಿಂತಿದ್ದರು, ಭಾವ ಆ ಕಡೆ. ನಡುವೆ ಎರಡು ಬೇಲಿಗಳು ಮಾತ್ರ ಒಂದು ಮುಳ್ಳೂ ಕೊಂಕದೆ ಗಟ್ಟಿಯಾಗಿದ್ದವು. ಆಗ ತಂಗಿ ಬೇಲಿಯ ಹತ್ತಿರ ಬಂದರು. ಕಣ್ಣು ಕೆಂಪಾಗಿತ್ತು.

"ಅಣ್ಣಾ, ಊರೋರ್ನೆಲ್ಲ ಕೇಳ್ತಿದ್ಯಲ್ಲ, ನಾನೊಂದ್ ಕೇಳ್ತೀನಿ. ಈ ಬೇಲೀಗೆ ಎಷ್ಟು ಮುದ್ದೆ?"

ಮಾವನವರು ಬೆರಳು ಮಡಚಲು ಶುರು ಮಾಡಿದರು, ಮೂರನೆಯ ಬೆರಳಿಗೇ ನಿಲ್ಲಿಸಿ ಕೈಯನ್ನು ಟವೆಲ್ಲಿನೊಳಗೆ ಅಡಗಿಸಿದರು. ಅವರ ಮುದ್ದೆಯ ಲೆಕ್ಕ ಅರ್ಧಕ್ಕೇ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಇಷ್ಟಾದರೂ ಬುದ್ಧಿ ಬಂತೇ? ಎಲ್ಲಿ ಬರುತ್ತದೆ! ಹಂದಿ ಬಿಟ್ಟು ಹೋದದ್ದನ್ನು ಬಳಿದು ಎರಡು ಮನೆಯವರೂ ಬೇರೆ ಬೇರೆ ಬಡಿದುಕೊಂಡರು. ಇಬ್ಬರಿಗೂ ಸಾಲದು. ಕಾವಲು ರಾಗಿಯ ಮಾತು ಬಂದಾಗ ಮಾವ, "ಅವ್ನ್ ಎಂಡ್ತಿ ಭಾವಂಗ್ ಕಾದವ್ಳೆ, ಭಾವ ಕೊಡ್ಲಿ" ಎಂದರು. ಭಾವ, "ಅವ್ಳ್ ಗಂಡ ಗೌಡ್ರಿಗ್ ಕಾದವ್ನೆ, ಗೌಡ್ರೇ ಕೊಡ್ಲಿ" ಎಂದರು. ಕಾಳ ಖಾಲಿ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡು ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಅಲೆದ. ಬೇಲಿಯಿದ್ದುದರಿಂದ ಸುತ್ತುಹಾಕಿಕೊಂಡು ಅಲೆಯಬೇಕಿತ್ತು. ಆಮೇಲೆ ಬರುವುದನ್ನೇ ನಿಲ್ಲಿಸಿದ.

ಮಾವನವರು ರೇಡಿಯೋ ಹಾಕುವುದನ್ನು ಬಿಟ್ಟರು. ಪೇಪರು ಬಂದರೆ ಮಡಿಕೆ ಬಿಚ್ಚದೆ ಗೂಡಿನಲ್ಲಿಡಿಸುತ್ತಿದ್ದರು. ಅಮೆರಿಕ, ರಷ್ಯಾ ಎರಡೂ ಕೆಲವು ವಾರ ಯಾರ ಹಂಗೂ ಇಲ್ಲದೆ ಆರಾಮವಾಗಿದ್ದವು. ಬೇಸಿಗೆ ಏರಿತು. ನಮ್ಮ ಯಜಮಾನರು ಒಂದು ಸಂಜೆ ಹೊಲದಿಂದ ಬಂದವರು, ಜಾಜಿ ಕಾಡಂಚಿನಲ್ಲಿ ಕಾಡುಗೆಣಸು ಅಗೆಯುತ್ತಿದ್ದುದನ್ನು ಕಂಡೆ ಎಂದರು. ಕಾಡಿನೊಳಕ್ಕೆ ಹೋಗಿ ಅಗೆಯಲು ಈಗ ಕಟ್ಟುನಿಟ್ಟಂತೆ, ಅಂಚಿನಲ್ಲಿ ಉಳಿದಿರುವುದು ಬರೀ ಗುಂಡಿಗಳಂತೆ, ಮಗಳು ಹಾಡಿಯಲ್ಲಿ ಮಲಗಿಯೇ ಇರುತ್ತಾಳಂತೆ. ಮಾವನವರು ಕೇಳಿಸಿಕೊಂಡರು. ಎದ್ದು ಮಲಗಲು ಹೋದರು.

ಮಾರನೆಯ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕಲು ಬಂದರೆ ಕಣದಲ್ಲಿ ಮಾವನವರು ಬರಿಗೈಯಲ್ಲಿ ಬೇಲಿಯ ಮುಳ್ಳು ಎಳೆಯುತ್ತಿದ್ದಾರೆ! ಮುಂಗೈ ತುಂಬ ರಕ್ತ. ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಭಾವ ದೊಣ್ಣೆ ಹಿಡಿದು ಆ ಕಡೆಯಿಂದ ಓಡಿ ಬಂದರು.

"ಏನ್ ಭಾವ, ಯುದ್ಧವಾ?"

"ಅಗೇವು ತೆಗೀಬೇಕು. ಆ ದೊಣ್ಣೆ ಬಿಸಾಕಿ, ಆ ಕಡೆ ಇಡ್ಕಳಿ."

ಹಗೇವು ಎಂದರೆ ನೆಲದೊಳಗಿನ ಕಣಜ. ಕೊಡದ ಆಕಾರಕ್ಕೆ ಆಳವಾಗಿ ಅಗೆದು, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಹಾಕಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಾವನವರ ಅಪ್ಪ ತುಂಬಿಸಿದ ಹಗೇವು ಕಣದ ನಡುವೆ ಇತ್ತು. ತೀರಾ ಕೆಟ್ಟ ಕಾಲ ಬರುವವರೆಗೆ ಮುಟ್ಟಬಾರದೆಂದು ಹೇಳಿ ಹೋಗಿದ್ದರಂತೆ. ಇವರು ಸಿಟ್ಟಿನಲ್ಲಿ ಬೇಲಿ ಹಾಕಿಸಿದ್ದು ಸರಿಯಾಗಿ ಅದರ ಬಾಯಿಯ ಮೇಲೇ! ಬೇಲಿ ಕೀಳದೆ ಅದರೊಳಗಿನ ಒಂದು ಕಾಳೂ ಯಾರಿಗೂ ದಕ್ಕುವಂತಿರಲಿಲ್ಲ.

ಭಾವ ಮುಳ್ಳಿನ ಕೆಳಗಿನ ನೆಲ ನೋಡಿದರು. ದೊಣ್ಣೆ ಬಿಸಾಡಿ ತಮ್ಮ ಬೇಲಿಯ ಮುಳ್ಳಿಗೂ ಕೈ ಹಾಕಿದರು. ತಂಗಿ ಕತ್ತಿ ತಂದರು, ಅತ್ತೆ ಗುದ್ದಲಿ ತಂದರು. ಬಿಸಿಲೇರುವ ಹೊತ್ತಿಗೆ ಚಪ್ಪಡಿ ಪಕ್ಕಕ್ಕೆ ಸರಿಯಿತು. ಆದರೆ ಹಗೇವನ್ನು ತೆರೆದ ತಕ್ಷಣ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿಗೆ ಮನುಷ್ಯ ಸತ್ತೇಹೋಗುತ್ತಾನೆ. ಅದು ಹೊರಗೆ ಹೋಗುವವರೆಗೆ ಕಾಯಬೇಕು, ಮಕ್ಕಳು ಹತ್ತಿರ ಸುಳಿಯದಂತೆ ಯಾರಾದರೂ ಪಕ್ಕದಲ್ಲೇ ಇರಬೇಕು. ಹೀಗಾಗಿ ಅವತ್ತು ದಿನವಿಡೀ ಮಾವ, ಭಾವ ಇಬ್ಬರೂ ಆ ಗುಂಡಿಯ ಆಚೆ ಈಚೆ ಕೂತರು. ಮೊದಲು ಇಬ್ಬರೂ ಆಕಾಶ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಭಾವ ಎಲೆಯಡಿಕೆ ಚೀಲ ಬಿಚ್ಚಿ, ಸುಣ್ಣ ಹಚ್ಚಿದ ಎಲೆಯೊಂದನ್ನು ಗುಂಡಿಯ ಮೇಲಿಂದ ಚಾಚಿದರು.

"ಏನಂತದೆ ಭಾವ ನಿಮ್ ಅಮೇರಿಕಾ?"

"ನನ್ ಕೇಳ್ದೆ ಇನ್ನೊಂದ್ ಇಮಾನ ಮಾಡ್ತಂತೆ. ಕೆಟ್ಟೋಯ್ತು ಬುಡಿ."

ಮಾರನೆಯ ದಿನ ರಾಗಿ ಮೇಲೆ ಬಂತು. ಕಪ್ಪು ತಿರುಗಿದ್ದರೂ ಗಟ್ಟಿ ಕಾಳು. ಕಾಳನ ಪಾಲನ್ನು ಎರಡು ಮನೆಯ ಗಂಡಸರೂ ಸೇರಿ ಮೊದಲು ಅಳೆದರು. ಭಾವ ಚಪ್ಪಡಿ ಮುಚ್ಚಿಸಲು ಉಳಿದರು. ನಮ್ಮ ಯಜಮಾನರು ಮೂಟೆಗಳನ್ನು ಗಾಡಿಗೆ ಹೇರಿ ಹೊಡೆದುಕೊಂಡು ಮುಂದೆ ಹೋದರು. ಕಾಳು ಬೀಸಿ ಹಿಟ್ಟು ಮಾಡುವವರೆಗೆ ಹಸಿದವರು ಕಾಯಬೇಕೇ ಎಂದು ಅತ್ತೆ ಮನೆಯಲ್ಲಿದ್ದ ಹಿಟ್ಟನ್ನು ಉಪ್ಪಿನ ಸಮೇತ ಒಂದು ಕುಕ್ಕೆಗೆ ತುಂಬಿ ನನ್ನ ತಲೆಯ ಮೇಲಿಟ್ಟರು. ಹಾಗೆ ನಾನೂ ಮಾವನವರ ಹಿಂದೆ ಹಾಡಿಗೆ ಹೋದೆ.

ಜಾಜಿ ಮೂಟೆಗಳನ್ನು ನೋಡಿದಳು. ನಗಲಿಲ್ಲ.

"ಏನ್ ಗೌಡ್ರೇ ಇದು?"

"ನಿಮ್ಮ ಕಾವಲು ರಾಗಿ. ನಾನ್ ಕೊಡಾದಲ್ಲ ಕಣವ್ವ, ನಿಮ್ದು. ತಡ ಮಾಡಿದ್ದು ನನ್ ತಪ್ಪು."

"ಬೋ ತಡ ಆಯ್ತು ಗೌಡ್ರೇ" ಎಂದಳು ಅವಳು, ಅಷ್ಟೇ. ಕಾಳ ಮೂಟೆ ಇಳಿಸಿಕೊಂಡ. ಜಾಜಿ ಒಲೆ ಹಚ್ಚಿ ಮುದ್ದೆ ಕಟ್ಟಿದಳು, ಸೊಪ್ಪು ಬೇಯಿಸಿದಳು. ನಮ್ಮ ಊರಿನ ಗೌಡರು ಯಾರೂ ಹಾಡಿಯಲ್ಲಿ ನೀರು ಕುಡಿದವರಲ್ಲ. ಮಾವನವರು ಗುಡಿಸಲ ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ, "ನಂಗೂ ಒಂದಿಕ್ಕವ್ವ" ಎಂದರು. ಕಾಳ ನನ್ನ ಮುಖ ನೋಡಿದ. ನಾನೂ ಕುಳಿತೆ.

ಮಗಳು ಗುಡಿಸಲಿಂದ ಹೊರಗೆ ಬಂದು ಮಾವನವರ ಪಕ್ಕದಲ್ಲೇ ಕೂತಳು. ಕೈಕಾಲು ಕಡ್ಡಿ. ಎಲೆಗೆ ಮುದ್ದೆ ಬಿದ್ದ ಕೂಡಲೇ ಆ ಹುಡುಗಿ ಅದನ್ನು ಎರಡು ಮಾಡಿ, ಒಂದು ಹೋಳನ್ನು ಬಿಸಿಬಿಸಿಯಾಗಿಯೇ ಲಂಗದ ಮಡಿಲಿಗೆ ಸೇರಿಸಿ ಗಂಟು ಹಾಕತೊಡಗಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಹೊಟ್ಟೆಯೇ ಹೇಳಿಕೊಟ್ಟಿತ್ತು.

"ಎಲ್ಲಾನೂ ಉಣ್ಣವ್ವ. ನಾಳೀಕೂ ಐತೆ" ಎಂದರು ಮಾವ.

ಮಗು ತಾಯಿಯ ಮುಖ ನೋಡಿತು, ಹೌದಾ ಎನ್ನುವ ಹಾಗೆ. ತಾಯಿ ಮಾವನವರ ಮುಖ ನೋಡಿದಳು. ಜಗತ್ತ​ನ್ನೇ ಜಗಲಿಗೆ ಕರೆಸಿ ಬೈಯುತ್ತಿದ್ದ ಮನುಷ್ಯ, ಆ ಇಬ್ಬರ ಕಣ್ಣಿಗೆ ಹೌದೆಂದು ತಲೆಯನ್ನಷ್ಟೇ ಆಡಿಸಿದರು. ಮಗು ಗಂಟು ಬಿಚ್ಚಿ, ಆ ಹೋಳನ್ನೂ ಎಲೆಗೆ ಹಾಕಿಕೊಂಡು ಉಂಡಿತು.

ಯಜಮಾನರು ಖಾಲಿ ಗಾಡಿ ಹೊಡೆದುಕೊಂಡು ಮುಂದೆ ಹೋದ ಮೇಲೆ ನಾವಿಬ್ಬರೂ ಹೊರಟೆವು. ನಮ್ಮ ಕಡೆ ಸೊಸೆಯಾದವಳು ಮಾವನ ಮುಂದೆ ನಡೆಯುವುದುಂಟೇ? ಎಂದಿನಂತೆ ನಾನು ಹಿಂದೆ ಸರಿದು ನಿಂತೆ. ಮಾವನವರು ಟವೆಲ್ಲನ್ನು ಮುಖಕ್ಕೆ ಅಡ್ಡ ಹಿಡಿದು, "ಇವತ್ತು ನೀನ್ ಮುಂದೆ ನಡಿಯವ್ವ" ಎಂದರು.

ನಾನು ಮುಂದೆ ನಡೆದೆ. ಹಿಂದಿನಿಂದ ಬಿಕ್ಕುವ ಸದ್ದು ಬಂತು, ಮೂಗು ಒರೆಸಿಕೊಂಡ ಸದ್ದು ಬಂತು, ಮತ್ತೆ ಬಿಕ್ಕಿದ ಸದ್ದು. ಹೆತ್ತ ಅಪ್ಪನ ಮೇಲೂ ನನಗೆ ಅಷ್ಟು ಪ್ರೀತಿ ಉಕ್ಕಿದ್ದಿಲ್ಲ. ಊರು ಬರುವವರೆಗೂ ನಾನು ಹಿಂದಿರುಗಿ ನೋಡಲಿಲ್ಲ, ಆದಷ್ಟು ನಿಧಾನವಾಗಿ ನಡೆದೆ.